ಗಾಳಿ, ಪೆಟ್ರೋಲು ಮತ್ತು ಒಂದು ಹೊಲಿಗೆ ಸೂಜಿ
(ಬಾನುಲಿ ಭಾಷಣ)

ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ, ಶೂಲಗಿರಿ, ಕೃಷ್ಣಗಿರಿ. ಈ ಊರುಗಳಲ್ಲಿ ಕೂತು ಈ ಮಾತು ಕೇಳುತ್ತಿರುವ ಐಟಿಐ ಹುಡುಗ ಹುಡುಗಿಯರು, ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡಿರುವ ಮೆಕ್ಯಾನಿಕ್ ಬಂಧುಗಳು, ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡಿರುವ ಹವ್ಯಾಸಿಗಳು, ನಿಮ್ಮೆಲ್ಲರಿಗಾಗಿ ಇವತ್ತಿನ ವಿಷಯ. ಹೆಬ್ಬೆರಳಿನ ಗಾತ್ರದ ಒಂದು ಕಾರ್ಬ್ಯುರೇಟರನ್ನು ಕೈಯಾರೆ ಮಾಡುವುದು ಹೇಗೆ, ಮಾಡಿದ ಮೇಲೆ ಅದನ್ನು ಹದಕ್ಕೆ ತರುವುದು ಹೇಗೆ ಎಂಬುದನ್ನು ಹೇಳುತ್ತೇನೆ. ನಡುವೆ ಕೆಲವು ಅಳತೆಗಳು ಬರುತ್ತವೆ. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮುಂದೆ ನಿಂತು ದುಡಿದವನು ನಾನು. ಈ ಊರು ದೇಶಕ್ಕೆ ಕೊಟ್ಟ ಎಂಜಿನ್ನುಗಳು ಸಣ್ಣ ಸಂಖ್ಯೆಯವಲ್ಲ. ಇಬ್ಬರು ಕೂತು ಹೋಗಬಹುದಾದ ಭಾರತದ ಮೊದಲ ಮೊಪೆಡ್, ಟಿವಿಎಸ್ 50, 1980ರಲ್ಲಿ ಹೊರಬಂದದ್ದು ಹೊಸೂರಿನ ಕಾರ್ಖಾನೆಯಿಂದ. 1984ರಲ್ಲಿ ಜಪಾನಿನ ಸುಜುಕಿ ಕಂಪನಿಯ ಸಹಯೋಗದಲ್ಲಿ 100 ಸಿಸಿ ಮೋಟಾರ್‌ಸೈಕಲ್ ಬಂತು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಟೊಮೇಟೊ ಕ್ರೇಟು, ಗುಲಾಬಿ ಹೂವಿನ ಕಟ್ಟು, ಎಲ್ಲವನ್ನೂ ಸಂತೆಗೆ ಮುಟ್ಟಿಸಿದ್ದು ಆ ಮೊಪೆಡ್ಡಿನ ಪುಟ್ಟ ಎಂಜಿನ್ನು. ಆ ಎಂಜಿನ್ನಿಗೆ ಅಳೆದು ಉಣಿಸುತ್ತಿದ್ದದ್ದು ಪುಟ್ಟದೊಂದು ಕಾರ್ಬ್ಯುರೇಟರ್.

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂತು. ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುತೇಕ ಎಲ್ಲವೂ ಫ್ಯುಯೆಲ್ ಇಂಜೆಕ್ಷನ್ನಿಗೆ ತಿರುಗಿದವು. ಇಂದು ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಎಥರ್ ಕಂಪನಿ ಹೊಸೂರಿನಲ್ಲಿ, ಓಲಾ ಕಂಪನಿ ಪೋಚಂಪಳ್ಳಿಯಲ್ಲಿ ವಿದ್ಯುತ್ ಸ್ಕೂಟರ್ ತಯಾರಿಸುತ್ತಿವೆ. ಇದು ಒಳ್ಳೆಯ ಬದಲಾವಣೆಯೇ, ಹೊಗೆ ಕಡಿಮೆಯಾಗಬೇಕು. ಆದರೆ ಇದರ ಜೊತೆಯಲ್ಲೇ ಒಂದು ವಿದ್ಯೆ ನಮ್ಮ ಕೈಬಿಟ್ಟು ಹೋಗುತ್ತಿದೆ. ಕಿವಿಯಿಂದ ಎಂಜಿನ್ನಿನ ಹದ ಹಿಡಿಯುವ ವಿದ್ಯೆ ಅದು. ಅದನ್ನು ಬಲ್ಲ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗುತ್ತಿದೆ. ಪುಸ್ತಕದಲ್ಲಿ ಸೂತ್ರ ಓದುವ ವಿದ್ಯಾರ್ಥಿಗೆ ಆ ಕಿವಿ ಇಲ್ಲ. ಮೆಕ್ಯಾನಿಕ್ಕಿಗೆ ಸೂತ್ರದ ಪರಿಚಯವಿಲ್ಲ. ಈ ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಲ್ಲದ್ದು ಒಂದು ಪುಟ್ಟ ಕಾರ್ಬ್ಯುರೇಟರಿನ ಕೆಲಸ. ನಾನು ಇವತ್ತು ಹೇಳಬೇಕೆಂದಿರುವ ಮಾತು ಇದೇ.

ಮೊದಲು ತತ್ವ ನೋಡೋಣ.

ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ. ಆವಿಯಾಗಿ, ಗಾಳಿಯ ಜೊತೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಸಿಲಿಂಡರಿನಲ್ಲಿ ಉರಿಯುತ್ತದೆ. ಪೂರ್ತಿ ಉರಿಯಲು 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಗಾತ್ರದಲ್ಲಿ ಲೆಕ್ಕ ಹಾಕಿ ನೋಡಿ. ನಮ್ಮ ಹೊಸೂರಿನ ಗಾಳಿಯಲ್ಲಿ 1 ಲೀಟರ್ ಪೆಟ್ರೋಲು ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ ದೊಡ್ಡ ನೀರಿನ ಟ್ಯಾಂಕರಿನ ತುಂಬ ಗಾಳಿ, ಅದರೊಳಗೆ ಒಂದೇ ಒಂದು ಬಾಟಲಿ ಪೆಟ್ರೋಲು, ಇಷ್ಟು ಅಂತರ. ಇದನ್ನು ಪ್ರತಿ ಸೆಕೆಂಡಿಗೆ ಹಲವು ಬಾರಿ, ತಪ್ಪದೆ ಬೆರೆಸಿ ಕೊಡುವುದೇ ಕಾರ್ಬ್ಯುರೇಟರಿನ ಕೆಲಸ.

ಇದನ್ನು ಅದು ಯಾವ ಬಲದಿಂದ ಮಾಡುತ್ತದೆ? ಗಾಳಿಯ ವೇಗದಿಂದ. ಹರಿಯುವ ದ್ರವದಲ್ಲಿ ವೇಗ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ ಎಂಬುದನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಇಟಲಿಯ ಜಿಯೊವಾನ್ನಿ ಬಟ್ಟಿಸ್ಟಾ ವೆಂಚುರಿ, ನಡುವೆ ಸಪೂರವಾದ ಕೊಳವೆಯಲ್ಲಿ ದ್ರವ ಹೇಗೆ ಹರಿಯುತ್ತದೆಂದು ಪ್ರಯೋಗ ಮಾಡಿ 1797ರಲ್ಲಿ ಬರೆದ. ಆ ಸಪೂರ ಕೊರಳಿಗೆ ಇಂದಿಗೂ ಅವನ ಹೆಸರೇ ಇದೆ. ಕಾರ್ಲ್ ಬೆನ್ಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಯಲ್ಲಿ ಇಂಧನದ ಮೇಲ್ಮೈಯಿಂದ ಏಳುವ ಆವಿಯನ್ನೇ ಎಂಜಿನ್ನು ಹೀರುತ್ತಿತ್ತು. ಸಣ್ಣ ತೂತಿನಿಂದ ಇಂಧನವನ್ನು ಗಾಳಿಗೆ ಚಿಮ್ಮಿಸುವ ವಿಧಾನ 1893ರಲ್ಲಿ ನೆಲೆಗೊಂಡಿತು. ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಮತ್ತು ಹಂಗೇರಿಯ ಬಾಂಕಿ, ಚೋಂಕಾ ಜೋಡಿ ಅದೇ ವರ್ಷ ಬೇರೆ ಬೇರೆಯಾಗಿ ಅದನ್ನು ಸಾಧಿಸಿದರು. ಮುಂದೆ ಬಂದ ಕಾರ್ಬ್ಯುರೇಟರುಗಳೆಲ್ಲ ಆ ದಾರಿಯಲ್ಲೇ ನಡೆದವು. ನಾವು ಮಾಡಹೊರಟಿರುವುದೂ ಅದನ್ನೇ.

ಈಗ ನಮ್ಮ ಎಂಜಿನ್ನು. ಹವ್ಯಾಸಿಗಳು ಲೇತಿನಲ್ಲಿ ಮಾಡುವ ಒಂದು ಸಿಲಿಂಡರಿನ, ಫೋರ್-ಸ್ಟ್ರೋಕ್, ಸ್ಪಾರ್ಕ್ ಪ್ಲಗ್ಗಿನ ಮಾದರಿ ಎಂಜಿನ್ ಎಂದುಕೊಳ್ಳಿ. ಬೋರ್ 24 ಮಿಲಿಮೀಟರ್, ಸ್ಟ್ರೋಕ್ 22 ಮಿಲಿಮೀಟರ್. ಗಾತ್ರ ಸುಮಾರು 10 ಸಿಸಿ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದು ಸೆಕೆಂಡಿಗೆ 25 ಬಾರಿ ಉಸಿರು ಎಳೆಯುತ್ತದೆ. ಪ್ರತಿ ಸಾರಿಯೂ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ನೂರಕ್ಕೆ ಎಂಬತ್ತು ತುಂಬಿತೆಂದು ಹಿಡಿಯೋಣ. ಸೆಕೆಂಡಿಗೆ 200 ಸಿಸಿ ಗಾಳಿ ಆಯಿತು. ಆದರೆ ನಾಲ್ಕು ಸ್ಟ್ರೋಕಿನಲ್ಲಿ ಗಾಳಿ ಎಳೆಯುವುದು ಒಂದರಲ್ಲಿ ಮಾತ್ರ. ಹಾಗಾಗಿ ಎಳೆಯುವ ಹೊತ್ತಿನಲ್ಲಿ ಹರಿವು ಇದರ ನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ 800 ಸಿಸಿ.

ಈ ಗಾಳಿಗೆ ಎಷ್ಟು ಅಗಲದ ದಾರಿ ಬೇಕು? ನಾನು 5 ಮಿಲಿಮೀಟರ್ ಎನ್ನುತ್ತೇನೆ. ಅದರ ನಡುವೆ ಪೆಟ್ರೋಲಿನ ಕೊಳವೆ ಮತ್ತು ಸೂಜಿ ಅಡ್ಡ ಬಂದು ಸ್ವಲ್ಪ ಜಾಗ ತಿನ್ನುತ್ತವೆ. ಉಳಿಯುವುದು ಸುಮಾರು 13 ಚದರ ಮಿಲಿಮೀಟರ್. ಆಗ ಗಾಳಿಯ ವೇಗ ಸೆಕೆಂಡಿಗೆ 60 ಮೀಟರ್ ಆಸುಪಾಸು. ಆ ವೇಗದಲ್ಲಿ ಒತ್ತಡ ಇಳಿಯುವುದು ಸುಮಾರು 20 ಸೆಂಟಿಮೀಟರ್ ನೀರಿನ ಕಂಬದಷ್ಟು. ಪೆಟ್ರೋಲು ನೀರಿಗಿಂತ ಹಗುರ. ಆದ್ದರಿಂದ ಅದು ಸುಮಾರು 26 ಸೆಂಟಿಮೀಟರ್ ಮೇಲೇರುತ್ತದೆ. ಇಷ್ಟು ಎಳೆತ ಧಾರಾಳ ಸಾಕು.

ಮೊಪೆಡ್ಡಿನ ಹಳೆಯ ಕಾರ್ಬ್ಯುರೇಟರನ್ನೇ ಕೂರಿಸಿದರೆ ಆಗದೇ ಎಂದು ಹುಡುಗರು ಕೇಳುತ್ತಾರೆ. ಆಗುವುದಿಲ್ಲ. ಕಾರಣ ಇಲ್ಲಿದೆ. ದಾರಿಯ ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಗಾಳಿಯ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಎಳೆತ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಹದಿನಾರರಲ್ಲಿ ಒಂದು ಭಾಗಕ್ಕೆ ಬರುತ್ತದೆ. ಪೆಟ್ರೋಲು ಮೇಲೇಳುವುದೇ ಕಷ್ಟ. ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಬೈಕಿನ ಹುಡುಗರಲ್ಲೂ ಉಂಟು. ಈ ಒಂದು ಲೆಕ್ಕ ಅದನ್ನು ಸರಿಪಡಿಸುತ್ತದೆ.

ಇನ್ನು ಪೆಟ್ರೋಲು. ನಾವು ಹೇಳಿದ ಗಾಳಿಗೆ ಬೇಕಾಗುವುದು ನಿಮಿಷಕ್ಕೆ ಸುಮಾರು 1.3 ಸಿಸಿ. ಗಂಟೆಗೆ ಒಂದು ಸಣ್ಣ ಲೋಟವೂ ಇಲ್ಲ. ಇಷ್ಟು ಕಡಿಮೆ ಪೆಟ್ರೋಲನ್ನು ಬರಿಯ ತೂತಿನಿಂದ ಅಳೆದು ಬಿಡಬೇಕಾದರೆ ಆ ತೂತು ಕಾಲು ಮಿಲಿಮೀಟರ್ ಅಗಲ ಇರಬೇಕು. ಅದನ್ನು ಕೈಯಲ್ಲಿ ಕೊರೆಯುವುದು ಕಷ್ಟ. ಕೊರೆದರೂ ಕಸ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಉಪಾಯ ದೊಡ್ಡ ತೂತು ಮತ್ತು ಅದರೊಳಗೆ ಮೊನಚು ಸೂಜಿ. ಸೂಜಿ ಹಿಂದೆ ಸರಿದಷ್ಟೂ ಅದರ ಸುತ್ತಲಿನ ಸಂದು ಅಗಲವಾಗುತ್ತದೆ. ಇಡೀ ಕಾರ್ಬ್ಯುರೇಟರಿನ ಜೀವ ಆ ಸಂದಿನಲ್ಲಿದೆ.

ಈಗ ತಯಾರಿಕೆ. ಬೇಕಾದ ಸಾಮಾನು ಅಷ್ಟೇನಿಲ್ಲ. 16 ಮಿಲಿಮೀಟರಿನ ಅಲ್ಯೂಮಿನಿಯಂ ಚೌಕ ಸರಳು ಒಂದು ತುಂಡು, 8 ಮಿಲಿಮೀಟರಿನ ಹಿತ್ತಾಳೆ ಸರಳು ಒಂದು ತುಂಡು, ಎಂ-3 ಅಳತೆಯ ಹಿತ್ತಾಳೆ ಸ್ಕ್ರೂ, ಔಷಧಿ ಅಂಗಡಿಯಲ್ಲಿ ಸಿಗುವ 18 ಗೇಜಿನ ಹೊಸ ಇಂಜೆಕ್ಷನ್ ಸೂಜಿ, ಒಂದು ಹೊಲಿಗೆ ಸೂಜಿ, ಬಾಲ್‌ಪೆನ್ನಿನ ಸ್ಪ್ರಿಂಗು. ಲೋಹದ ತುಂಡುಗಳು ಹೊಸೂರಿನ ವರ್ಕ್‌ಶಾಪುಗಳ ಸ್ಕ್ರ್ಯಾಪಿನಲ್ಲೇ ಸಿಗುತ್ತವೆ. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ದೂರವಿಲ್ಲ.

ಮೊದಲು ಅಲ್ಯೂಮಿನಿಯಂ ತುಂಡು, ಇದೇ ಕಾರ್ಬ್ಯುರೇಟರಿನ ಬಾಡಿ. ಇದರಲ್ಲಿ ಅಡ್ಡಲಾಗಿ 7.8 ಮಿಲಿಮೀಟರ್ ಡ್ರಿಲ್ ಹಾಯಿಸಿ, 8 ಮಿಲಿಮೀಟರ್ ರೀಮರಿನಿಂದ ನಯ ಮಾಡಿ. ಹಿತ್ತಾಳೆ ಸರಳನ್ನು ಇದರೊಳಗೆ ಬಿಗಿಯಿಲ್ಲದೆ, ಅಲುಗಾಟವಿಲ್ಲದೆ ತಿರುಗುವಂತೆ ತಿರುವಿ ಎಮೆರಿ ಕಾಗದದಿಂದ ಉಜ್ಜಿ. ಇದೇ ನಮ್ಮ ಥ್ರಾಟಲ್ ಬ್ಯಾರೆಲ್. ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚಾದರೆ ಅಲ್ಲಿಂದ ಗಾಳಿ ನುಗ್ಗಿ ಮುಂದಿನ ಟ್ಯೂನಿಂಗನ್ನೆಲ್ಲ ಕೆಡಿಸುತ್ತದೆ. ಇಲ್ಲಿ ಅವಸರ ಬೇಡ.

ಬ್ಯಾರೆಲನ್ನು ಬಾಡಿಯೊಳಗೆ ತೂರಿಸಿ, ತಿರುಗದಂತೆ ಬಿಗಿದು, ಎರಡನ್ನೂ ಒಟ್ಟಿಗೆ ದಾಟುವ ಹಾಗೆ 5 ಮಿಲಿಮೀಟರಿನ ಗಾಳಿ ದಾರಿ ಕೊರೆಯಿರಿ. ಬಾಡಿ ಬೇರೆ, ಬ್ಯಾರೆಲ್ ಬೇರೆ ಕೊರೆದು ಆಮೇಲೆ ಹೊಂದಿಸಲು ಹೊರಟರೆ ಕೂದಲೆಳೆಯಷ್ಟಾದರೂ ಮೆಟ್ಟಿಲು ಉಳಿಯುತ್ತದೆ. ಗಾಳಿ ಅಲ್ಲಿ ಸುಳಿಯುತ್ತದೆ. ಗಾಳಿ ಒಳಬರುವ ಬಾಯಿಯ ಅಂಚನ್ನು ಕೌಂಟರ್‌ಸಿಂಕಿನಿಂದ ಅಗಲಿಸಿ, ಎಮೆರಿಯಿಂದ ದುಂಡಗೆ ಮಾಡಿ. ಚೂಪು ಅಂಚಿನ ಬಾಯಿ ಗಾಳಿಯನ್ನು ಹಿಸುಕುತ್ತದೆ. ದುಂಡಗಿನ ಬಾಯಿ ಸಲೀಸಾಗಿ ಬಿಟ್ಟುಕೊಡುತ್ತದೆ. ಬ್ಯಾರೆಲನ್ನು ತಿರುಗಿಸಲು ಬಾಡಿಯ ಪಕ್ಕದಲ್ಲಿ ಸಣ್ಣ ಸೀಳು ಕೊರೆದು ಅದರ ಮೂಲಕ 2 ಮಿಲಿಮೀಟರಿನ ಪಿನ್ನು ಹಾಕಿ. ಸೀಳಿನ ಎರಡು ತುದಿಗಳೇ ಪೂರ್ತಿ ತೆರೆದ ಮತ್ತು ಪೂರ್ತಿ ಮುಚ್ಚಿದ ಸ್ಥಾನಗಳಾಗುತ್ತವೆ.

ಇನ್ನು ಪೆಟ್ರೋಲಿನ ಕೊಳವೆ. 18 ಗೇಜಿನ ಇಂಜೆಕ್ಷನ್ ಸೂಜಿಯ ಹೊರ ವ್ಯಾಸ 1.27 ಮಿಲಿಮೀಟರ್, ಒಳ ವ್ಯಾಸ 0.84 ಮಿಲಿಮೀಟರ್. ಇದಕ್ಕಿಂತ ನಯವಾದ, ನೇರವಾದ ಕೊಳವೆಯನ್ನು ನಮ್ಮ ಲೇತಿನಲ್ಲಿ ಮಾಡಲಾರೆವು. ಮೊನೆಯನ್ನು ಕತ್ತರಿಸಿ, ತುದಿಯನ್ನು ಸಾಣೆಕಲ್ಲಿನ ಮೇಲೆ ಲಂಬಕೋನಕ್ಕೆ ಉಜ್ಜಿ, ಒಳಗಿನ ಮುಳ್ಳು ತೆಗೆಯಿರಿ. ಇದನ್ನು ಒಂದು ಹಿತ್ತಾಳೆ ಬುಷ್ಷಿನಲ್ಲಿ ಕೂರಿಸಿ, ಬ್ಯಾರೆಲಿನ ನಡು ಅಕ್ಷದ ಗುಂಟ ತೂರಿಸಿ. ತುದಿ ಗಾಳಿ ದಾರಿಯ ನಟ್ಟನಡುವೆ ಬಂದು ನಿಲ್ಲಬೇಕು. ಬ್ಯಾರೆಲ್ ತಿರುಗುತ್ತದೆ, ಕೊಳವೆ ತಿರುಗುವುದಿಲ್ಲ.

ಎದುರು ಬದಿಯಿಂದ ಹೊಲಿಗೆ ಸೂಜಿ. ಎಂ-3 ಸ್ಕ್ರೂವಿನ ನಡುವೆ ತೂತು ಕೊರೆದು, ಸೂಜಿಯನ್ನು ಅದರಲ್ಲಿ ನೇರವಾಗಿ ಕೂರಿಸಿ ಸೋಲ್ಡರ್ ಮಾಡಿ. ಮಾಡಿದ ಮೇಲೆ ಸ್ಕ್ರೂವನ್ನು ಲೇತಿನಲ್ಲಿ ಹಿಡಿದು ಸುತ್ತಿಸಿ ನೋಡಿ. ಸೂಜಿಯ ಮೊನೆ ತೂಗಾಡಬಾರದು. ಅಡ್ಡ ನಿಂತ ಸೂಜಿ ಕೊಳವೆಯ ಬಾಯಿಯ ಒಂದು ಕಡೆ ಒರಗುತ್ತದೆ, ಸಂದು ಸಮ ಇರುವುದಿಲ್ಲ, ತಿರುಗಿಸಿದ್ದಕ್ಕೆ ಸರಿಯಾದ ಉತ್ತರ ಬರುವುದಿಲ್ಲ. ಸ್ಕ್ರೂ ಅದುರಿ ಸಡಿಲವಾಗದಂತೆ ಬಾಲ್‌ಪೆನ್ನಿನ ಸ್ಪ್ರಿಂಗು ಹಾಕಿ.

ಇಲ್ಲೂ ಒಂದು ಲೆಕ್ಕ ಇದೆ. ಎಂ-3 ಸ್ಕ್ರೂವಿನ ಒಂದು ಸುತ್ತಿಗೆ ಸೂಜಿ ಅರ್ಧ ಮಿಲಿಮೀಟರ್ ಸರಿಯುತ್ತದೆ. ಸಾಮಾನ್ಯ ಹೊಲಿಗೆ ಸೂಜಿಯ ಇಳಿಜಾರಿಗೆ ಒಂದು ಸುತ್ತಿನಲ್ಲಿ ತೆರೆಯುವ ಸಂದು ಹೆಚ್ಚು ಕಡಿಮೆ ನಮಗೆ ಬೇಕಾದಷ್ಟೇ ಆಗುತ್ತದೆ. ಹಾಗಾದರೆ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿದರೂ ಪೆಟ್ರೋಲು ಎಂಟನೇ ಒಂದು ಭಾಗ ಬದಲಾಗುತ್ತದೆ. ಅದು ದೊಡ್ಡ ಬದಲಾವಣೆ. ಆದ್ದರಿಂದ ಉದ್ದನೆಯ ಮೊನೆ ಇರುವ ಸಪೂರ ಸೂಜಿ ಆರಿಸಿ, ಸಾಧ್ಯವಾದರೆ 0.35 ಪಿಚ್ಚಿನ ಸಣ್ಣ ಮರೆ, ಅಂದರೆ ಥ್ರೆಡ್, ಹಾಕಿ. ಸ್ಕ್ರೂವಿನ ತಲೆ ಅಗಲವಿರಲಿ, ಅದರ ಅಂಚಿನಲ್ಲಿ ಗುರುತುಗಳಿರಲಿ. ಎಷ್ಟು ತಿರುಗಿಸಿದೆವೆಂದು ಕಣ್ಣಿಗೆ ಕಾಣಬೇಕು.

ಪೆಟ್ರೋಲು ಟ್ಯಾಂಕಿಗೆ ತೇಲುಬುರುಡೆ ಬೇಡ. ಆಳವಿಲ್ಲದ, ಅಗಲವಾದ ತಗಡಿನ ಡಬ್ಬಿ ಸಾಕು. 30 ಸಿಸಿ ಹಿಡಿದರೆ 20 ನಿಮಿಷಕ್ಕೂ ಮೇಲೆ ಓಡುತ್ತದೆ. ಪೆಟ್ರೋಲಿನ ಮಟ್ಟ ಕೊಳವೆಯ ಬಾಯಿಗಿಂತ 5ರಿಂದ 10 ಮಿಲಿಮೀಟರ್ ಕೆಳಗಿರಬೇಕು. ಮೇಲಿದ್ದರೆ ಎಂಜಿನ್ನು ನಿಂತಾಗಲೂ ತೊಟ್ಟಿಕ್ಕುತ್ತದೆ. ಬಹಳ ಕೆಳಗಿದ್ದರೂ ತೊಂದರೆ, ಅದು ಗೊತ್ತಾಗುವುದು ನಿಧಾನ ವೇಗದಲ್ಲಿ. ನಿಮಿಷಕ್ಕೆ 800 ಸುತ್ತಿಗೆ ಇಳಿದಾಗ ಥ್ರಾಟಲ್ ತೆರೆದೇ ಇದ್ದರೆ ಎಳೆತ ಪೆಟ್ರೋಲನ್ನು 2 ಸೆಂಟಿಮೀಟರಿನಷ್ಟು ಎತ್ತುವುದಕ್ಕೂ ಸಾಲದು. ಬ್ಯಾರೆಲ್ ಮುಚ್ಚಿಕೊಂಡಾಗ ಕೊಳವೆಯ ಬಾಯಿಯ ಬಳಿಯೇ ದಾರಿ ಸಪೂರವಾಗಿ ಗಾಳಿಯ ವೇಗ ಮತ್ತೆ ಏರುತ್ತದೆ, ಎಳೆತ ಉಳಿಯುತ್ತದೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಆಗುತ್ತದೆ. ಅದಕ್ಕಾಗಿ ಬಾಡಿಯ ಮುಂಭಾಗದಿಂದ ಬ್ಯಾರೆಲಿಗೆ 1 ಮಿಲಿಮೀಟರಿನ ಒಂದು ಗಾಳಿ ತೂತು ಕೊರೆದು, ಅದಕ್ಕೆ ಅಡ್ಡವಾಗಿ ಸಣ್ಣ ಏರ್ ಸ್ಕ್ರೂ ಹಾಕುತ್ತೇವೆ. ಐಡ್ಲಿಂಗಿನ ಹದ ಹಿಡಿಯುವುದು ಈ ಸ್ಕ್ರೂ.

ಎಂಜಿನ್ನಿಗೆ ಜೋಡಿಸುವಾಗ ನಡುವೆ ಒಳ್ಳೆಯ ಪ್ಯಾಕಿಂಗ್ ಇರಲಿ. ಎರಡು ಮುಖಗಳೂ ಗಾಜಿನ ಮೇಲೆ ಉಜ್ಜಿ ಸಮ ಮಾಡಿದ್ದಾಗಿರಲಿ.

ಈಗ ಟ್ಯೂನಿಂಗ್. ಅದಕ್ಕೂ ಮೊದಲು ಕೆಲವು ಎಚ್ಚರಿಕೆಗಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಪೆಟ್ರೋಲನ್ನು ಬಾಯಿಯಿಂದ ಎಳೆಯಬೇಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಮಾದರಿ ವಿಮಾನದ ಕೆಲವು ಎಂಜಿನ್ನುಗಳು ಮೆಥನಾಲಿನಿಂದ ಓಡುತ್ತವೆ. ಮೆಥನಾಲ್ ಕಡು ವಿಷ. ಕಲಿಯುವ ಮಕ್ಕಳ ಮೇಜಿಗೆ ಅದು ಬೇಡವೇ ಬೇಡ.

ಟ್ಯೂನಿಂಗಿನ ಮೊದಲ ನಿಯಮ ಹೀಗಿದೆ. ಕಾರ್ಬ್ಯುರೇಟರನ್ನು ಮುಟ್ಟುವ ಮೊದಲು ಬೇರೆಲ್ಲ ಸರಿ ಇದೆಯೇ ನೋಡಿ. ಪ್ಲಗ್ಗಿನಲ್ಲಿ ನೀಲಿ ಕಿಡಿ ಬರಬೇಕು. ಕಂಪ್ರೆಷನ್ ಇರಬೇಕು. ವಾಲ್ವ್ ಸರಿಯಾಗಿ ಕೂರಬೇಕು. ಎಷ್ಟೋ ಸಾರಿ ಕಿಡಿಯ ಅಥವಾ ವಾಲ್ವಿನ ತೊಂದರೆಗೆ ಪಾಪದ ಕಾರ್ಬ್ಯುರೇಟರನ್ನು ಬಿಚ್ಚಿ ಕೂರುತ್ತೇವೆ.

ಎರಡನೆಯ ನಿಯಮ, ಒಂದು ಸಲಕ್ಕೆ ಒಂದೇ ಸ್ಕ್ರೂ. ತಿರುಗಿಸಿದ ಮೇಲೆ ಎಂಜಿನ್ನಿಗೆ ಉತ್ತರ ಕೊಡಲು ಕೆಲವು ಸೆಕೆಂಡು ಬಿಡಿ. ಉತ್ತರವನ್ನು ಬರೆದಿಟ್ಟುಕೊಳ್ಳಿ.

ಶುರು ಮಾಡೋಣ. ಸೂಜಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಚ್ಚಿ; ಬಿಗಿದರೆ ಮೊನೆ ಕೊಳವೆಯನ್ನು ಕಚ್ಚಿ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ತೆರೆಯಿರಿ. ಥ್ರಾಟಲ್ ಅರ್ಧ. ಗಾಳಿ ಬಾಯಿಯನ್ನು ಬೆರಳಿನಿಂದ ಮುಚ್ಚಿ ಫ್ಲೈವೀಲನ್ನು ಎರಡು ಮೂರು ಸುತ್ತು ತಿರುಗಿಸಿದರೆ ಪೆಟ್ರೋಲು ಕೊಳವೆಯಲ್ಲಿ ಏರಿ ಬರುತ್ತದೆ. ಬೆರಳು ತೆಗೆದು ಚಾಲೂ ಮಾಡಿ. ಮಿಶ್ರಣ ಸ್ವಲ್ಪ ದಪ್ಪವಿದ್ದರೆ, ಅಂದರೆ ಪೆಟ್ರೋಲು ಹೆಚ್ಚಿದ್ದರೆ, ತಣ್ಣನೆಯ ಎಂಜಿನ್ನು ಸುಲಭವಾಗಿ ಹಿಡಿಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನಮ್ಮ ಹೊಸೂರಿನ ಚಳಿಗೆ ಪೆಟ್ರೋಲು ಬೇಗ ಆವಿಯಾಗುವುದಿಲ್ಲ. ಜೊತೆಗೆ ಪೆಟ್ರೋಲು ಪೂರ್ತಿ ಆವಿಯಾಗುವಾಗ ತನ್ನ ಸುತ್ತಲಿನ ಗಾಳಿಯನ್ನು ಸುಮಾರು 20 ಡಿಗ್ರಿ ತಣ್ಣಗೆ ಮಾಡುತ್ತದೆ. ಹೀಗೆ ಗಾಳಿ ಬಾಯಿ ಮುಚ್ಚುವ ಚೋಕ್ ಬೇಕಾಗುವುದು ಇದಕ್ಕೆ.

ಎಂಜಿನ್ನು ಬೆಚ್ಚಗಾಗುವ ತನಕ ಸೂಜಿ ಮುಟ್ಟಬೇಡಿ. ಆಮೇಲೆ ಥ್ರಾಟಲ್ ಪೂರ್ತಿ ತೆರೆದು, ಸೂಜಿಯನ್ನು ಹದಿನಾರನೇ ಒಂದು ಸುತ್ತಿನಂತೆ ಮುಚ್ಚುತ್ತ ಬನ್ನಿ. ಮಂಕಾಗಿದ್ದ ಶಬ್ದ ಚುರುಕಾಗುತ್ತದೆ, ನಡು ನಡುವೆ ಆಗುತ್ತಿದ್ದ ಮಿಸ್ಸಿಂಗ್ ನಿಲ್ಲುತ್ತದೆ, ವೇಗ ಏರುತ್ತದೆ. ಮುಚ್ಚುತ್ತ ಹೋದಂತೆ ಒಂದು ಕಡೆ ವೇಗ ಏರುವುದು ನಿಲ್ಲುತ್ತದೆ. ಇನ್ನೂ ಮುಚ್ಚಿದರೆ ಶಬ್ದ ಒಣಗುತ್ತದೆ, ವೇಗ ಕುಸಿಯುತ್ತದೆ, ಗಾಳಿ ಬಾಯಿಯಿಂದ ಪಟ್ ಎಂದು ಹಿಮ್ಮೊಗವಾಗಿ ಉಗುಳುತ್ತದೆ. ಅದು ಮಿಶ್ರಣ ತೆಳುವಾದ ಗುರುತು. ಅಲ್ಲಿಂದ ಹಿಂದಿರುಗಿ, ವೇಗ ಅತಿ ಹೆಚ್ಚಿದ್ದ ಗುರುತಿಗೆ ಬಂದು, ಅದಕ್ಕಿಂತ ಸ್ವಲ್ಪ ದಪ್ಪದ ಕಡೆಗೆ ನಿಲ್ಲಿಸಿ. ಹೆಚ್ಚು ಶಕ್ತಿ ಸಿಗುವುದು 14.7ರಲ್ಲಲ್ಲ, 12.5, 13ರ ಆಸುಪಾಸಿನಲ್ಲಿ. ತುಸು ಹೆಚ್ಚಿನ ಪೆಟ್ರೋಲು ಸಿಲಿಂಡರನ್ನು ತಂಪಾಗಿಯೂ ಇಡುತ್ತದೆ. ತೆಳು ಮಿಶ್ರಣದಲ್ಲಿ ಬಿಟ್ಟ ಎಂಜಿನ್ನು ಆ ಕ್ಷಣಕ್ಕೆ ಚೆನ್ನಾಗಿ ಓಡಿದಂತೆ ಕಂಡರೂ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇನ್ನು ಐಡ್ಲಿಂಗ್. ಥ್ರಾಟಲ್ ಇಳಿಸಿ ಎಂಜಿನ್ನನ್ನು ನಿಧಾನಕ್ಕೆ ತನ್ನಿ. ತೊದಲುತ್ತ, ಕಪ್ಪು ಹೊಗೆ ಬಿಡುತ್ತ ನಿಧಾನವಾಗಿ ಸತ್ತರೆ ದಪ್ಪ. ಏರ್ ಸ್ಕ್ರೂ ಬಿಚ್ಚಿ ಗಾಳಿ ಕೊಡಿ. ತಟ್ಟನೆ ನಿಂತರೆ ತೆಳು, ಸ್ಕ್ರೂ ಮುಚ್ಚಿ. ಆಮೇಲೆ ಥ್ರಾಟಲನ್ನು ಒಮ್ಮೆಲೇ ತೆರೆದು ನೋಡಿ. ತಡವರಿಸದೆ ಪಿಕಪ್ ತೆಗೆದುಕೊಂಡರೆ ಎರಡೂ ಸ್ಕ್ರೂ ಒಂದಕ್ಕೊಂದು ಹೊಂದಿವೆ ಎಂದರ್ಥ. ಕೊನೆಗೆ ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದಿದ್ದರೆ ದಪ್ಪ, ಬಿಳಿಚಿಕೊಂಡಿದ್ದರೆ ತೆಳು, ಇಟ್ಟಿಗೆ ಬಣ್ಣದ ಕಂದು ಇದ್ದರೆ ಸರಿ.

ಸೂಜಿಯನ್ನು ಎಷ್ಟು ತಿರುಗಿಸಿದರೂ ಎಂಜಿನ್ನು ಮಾತು ಕೇಳದಿದ್ದರೆ, ಅಥವಾ ಇವತ್ತಿನ ಹದ ನಾಳೆಗೆ ಉಳಿಯದಿದ್ದರೆ, ಎಲ್ಲೋ ಗಾಳಿ ಸೋರುತ್ತಿದೆ ಎಂದು ತಿಳಿಯಿರಿ. ಓಡುವ ಎಂಜಿನ್ನಿನ ಪ್ಯಾಕಿಂಗ್ ಸುತ್ತ, ಬ್ಯಾರೆಲಿನ ತುದಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಯಾವ ಹನಿಗೆ ಶಬ್ದ ಬದಲಾಗುತ್ತದೋ ಸೋರಿಕೆ ಅಲ್ಲಿದೆ.

ಈ ಸೀಮೆಯಲ್ಲಿ ಟ್ಯೂನಿಂಗ್ ಕಲಿಯುವವರಿಗೆ ಇನ್ನೊಂದು ಅನುಕೂಲವಿದೆ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶೂಲಗಿರಿ ದಾಟಿ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಇಳಿದರೆ ಕೃಷ್ಣಗಿರಿ. ಅಲ್ಲಿ ಎತ್ತರ ಸುಮಾರು 500 ಮೀಟರ್. ಇನ್ನೂ ಮುಂದೆ ಹೋದರೆ ಚೆನ್ನೈ, ಸಮುದ್ರದ ಮಟ್ಟ. ಹೊಸೂರಿನ ಗಾಳಿಯ ಒತ್ತಡ ಚೆನ್ನೈಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಉಷ್ಣತೆ ಒಂದೇ ಇದೆ ಎಂದುಕೊಂಡರೆ, ಹೊಸೂರಿನಲ್ಲಿ ಹದ ಹಿಡಿದ ಸೂಜಿಯನ್ನು ಮುಟ್ಟದೆ ಚೆನ್ನೈಗೆ ಒಯ್ದಾಗ ಮಿಶ್ರಣ ನೂರಕ್ಕೆ ಐದರಷ್ಟು ತೆಳುವಾಗುತ್ತದೆ. ಕೃಷ್ಣಗಿರಿಗೆ ಒಯ್ದರೆ ಅದರ ಅರ್ಧದಷ್ಟು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರುಗಳು ಈ ವ್ಯತ್ಯಾಸವನ್ನು ಅಳೆದು ಚಾಲಕನಿಗೆ ಗೊತ್ತಾಗದಂತೆ ಸರಿಪಡಿಸುತ್ತವೆ. ಮಾದರಿ ಎಂಜಿನ್ನಿನಲ್ಲಿ ಸರಿಪಡಿಸುವವರು ನೀವೇ. ಒಂದು ದಿನ ಹೊಸೂರಿನಲ್ಲಿ, ಇನ್ನೊಂದು ದಿನ ಕೃಷ್ಣಗಿರಿಯಲ್ಲಿ ಅದೇ ಎಂಜಿನ್ನನ್ನು ಓಡಿಸಿ, ಸೂಜಿಯ ಗುರುತು ಬರೆದುಕೊಳ್ಳುವ ವಿದ್ಯಾರ್ಥಿಗೆ ವಾಯುಮಂಡಲದ ಪಾಠ ಮರೆಯುವುದಿಲ್ಲ.

ಇಂದಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತ ಪೆಟ್ರೋಲು. 1 ಗ್ರಾಂ ಎಥನಾಲಿಗೆ ಬೇಕಾದ ಗಾಳಿ 9 ಗ್ರಾಂ ಮಾತ್ರ. ಬೆರಕೆ ಪೆಟ್ರೋಲಿಗೆ 14.7ರ ಬದಲು 13.5ರ ಆಸುಪಾಸು ಆಗುತ್ತದೆ. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟು ಒಂಬತ್ತರಷ್ಟು ಹೆಚ್ಚು ಇಂಧನ ಬೇಕು, ಸೂಜಿಯನ್ನು ಅಷ್ಟು ಹೆಚ್ಚು ತೆರೆಯಬೇಕು. ಹಳೆಯ ಪುಸ್ತಕದಲ್ಲಿರುವ ಅಳತೆಯನ್ನು ಹಾಗೆಯೇ ಹಾಕಿದರೆ ತೆಳುವಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕು, ಕೊಳವೆ ಎರಡನ್ನೂ ಖಾಲಿ ಮಾಡಿ ಒಣಗಿಸಿಡಿ. ಪೆಟ್ರೋಲಿಗೆಂದೇ ಮಾಡಿದ ಟ್ಯೂಬನ್ನೇ ಬಳಸಿ.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ಹಳೆಯ ಕಾಲ ಮರಳಿ ಬರಲಿ ಎಂದಲ್ಲ. ಕಾರ್ಖಾನೆಗಳು ಮುಂದೆ ಹೋಗಲಿ. ಆದರೆ ಕಲಿಕೆಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಯಂತ್ರ ಬೇಕು. ಇಂಜೆಕ್ಷನ್ನಿನ ಪೆಟ್ಟಿಗೆಯೊಳಗೆ ನಡೆಯುವ ಲೆಕ್ಕ ಯಾರಿಗೂ ಕಾಣುವುದಿಲ್ಲ. ಗಾಳಿ ಎಷ್ಟು ಬಂತು, ಅದಕ್ಕೆ ಪೆಟ್ರೋಲು ಎಷ್ಟು ಬೇಕು ಎಂಬ ಅದೇ ಲೆಕ್ಕವನ್ನು ಈ ಪುಟ್ಟ ಕಾರ್ಬ್ಯುರೇಟರಿನಲ್ಲಿ ವಿದ್ಯಾರ್ಥಿ ತನ್ನ ಬೆರಳಿನಿಂದ ಮಾಡುತ್ತಾನೆ, ತನ್ನ ಕಿವಿಯಿಂದ ಉತ್ತರ ಪಡೆಯುತ್ತಾನೆ. ಇಲ್ಲಿ ಅರ್ಥವಾದದ್ದು ಮುಂದೆ ಇಂಜೆಕ್ಷನ್ನಿಗೂ ನೆರವಾಗುತ್ತದೆ. ನೂರರಲ್ಲಿ ಎರಡು ಭಾಗ ಮಿಲಿಮೀಟರಿನ ಸಂದನ್ನು ಕೈಯಲ್ಲಿ ಸಾಧಿಸಿದ ಹುಡುಗಿ ನಾಳೆ ವಿದ್ಯುತ್ ಮೋಟಾರಿನ ಬೇರಿಂಗ್ ಕೂರಿಸುವಾಗಲೂ ಅಷ್ಟೇ ನಿಗಾ ಇಡುತ್ತಾಳೆ.

ಆದ್ದರಿಂದ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇದು. ವರ್ಷಕ್ಕೊಮ್ಮೆ ನಿಮ್ಮ ವಿದ್ಯಾರ್ಥಿಗಳಿಂದ ಇಂಥದೊಂದು ಕಾರ್ಬ್ಯುರೇಟರ್ ಮಾಡಿಸಿ. ಅದನ್ನು ಟ್ಯೂನ್ ಮಾಡುವ ದಿನ ನಿಮ್ಮ ಊರಿನ ಹಿರಿಯ ಮೆಕ್ಯಾನಿಕ್ಕೊಬ್ಬರನ್ನು ಗೌರವದಿಂದ ಕರೆಸಿ, ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ. ಅವರು ಕೇಳಿದ ಶಬ್ದವನ್ನು ಮಕ್ಕಳು ಅಳತೆಯಲ್ಲಿ ಬರೆಯಲಿ. ಮಕ್ಕಳು ಹಾಕಿದ ಲೆಕ್ಕವನ್ನು ಅವರು ಕಿವಿಯಿಂದ ಪರೀಕ್ಷಿಸಲಿ. ಮೆಕ್ಯಾನಿಕ್ ಬಂಧುಗಳೇ, ಕರೆದಾಗ ದಯವಿಟ್ಟು ಹೋಗಿ. ನಿಮಗೆ ಗೊತ್ತಿರುವುದನ್ನು ಬರೆದಿಟ್ಟವರು ಕಡಿಮೆ. ನೀವು ಹೇಳಿಕೊಟ್ಟರೆ ಮಾತ್ರ ಅದು ಉಳಿಯುತ್ತದೆ.